ನೀಲಿ ಗೀಟು – ಏಳನೆಯ ಕಂತು

ಹಿಡಿ ಕೈಗೆ ಬಂತು.

ಬಾಗಿಲು ಬರಲಿಲ್ಲ, ಹಿಡಿಯೊಂದೇ ಬಂತು. ಮಸಿಯಮ್ಮ ಅದನ್ನು ದೀಪದ ಕಡೆ ಎತ್ತಿ ಹಿಂದೆ ಮುಂದೆ ನೋಡಿದಳು. ಗೇಣುದ್ದದ ಕಬ್ಬಿಣ. ಅದನ್ನು ಬಾಗಿಲಿಗೆ ಬಿಗಿದಿದ್ದ ನಟ್ಟು ಕಾಣೆಯಾಗಿತ್ತು. ತುಕ್ಕು ತಿಂದು ಉದುರಿದ್ದಾಗಿದ್ದರೆ ತಿರುಪಿನ ಗೆರೆಗಳು ಕೆಂಪಗಿರಬೇಕಿತ್ತು. ಇವು ಹೊಸ ಎಣ್ಣೆ ಕುಡಿದು ಮಿನುಗುತ್ತಿದ್ದವು. ಯಾರೋ ಸಾವಧಾನವಾಗಿ ನಟ್ಟು ಬಿಚ್ಚಿ, ಹಿಡಿಯನ್ನು ಮಾತ್ರ ತೂತಿಗೆ ಸಿಕ್ಕಿಸಿಟ್ಟು ಹೋಗಿದ್ದರು.

"ತಳ್ಳಿ ನೋಡಿ ಅಮ್ಮಾ, ಜೋರಾಗಿ ತಳ್ಳಿ," ಎಂದರು ಬೆನ್ನ ಹಿಂದಿದ್ದ, ವರ್ಕ್‌ಶಾಪಿಗೆ ನಕ್ಷೆ ಬರೆಯುವ ನಕ್ಷೆ ಮೇಷ್ಟ್ರು.

"ಒಳಕ್ಕೆ ಎಳೆಯೋ ಬಾಗಿಲು ಮೇಷ್ಟ್ರೇ. ತಳ್ಳಿದ್ರೆ ಇನ್ನೂ ಗಟ್ಟಿಯಾಗಿ ಕೂತ್ಕೊಳ್ಳುತ್ತೆ."

"ಹಂಗಾದ್ರೆ ಕೂಗಿ!"

"ನೀವೇ ಕೂಗಿ. ಮೀಟಿಂಗಲ್ಲಿ ನಿಮ್ಮ ಗಂಟಲು ಮೂರು ಕೋಣೆ ದಾಟುತ್ತಂತೆ."

ಮೇಷ್ಟ್ರು ಕೂಗಿದರು. ಎರಡು ಸಲ ಕೂಗಿದರು, ಮೂರನೆಯ ಸಲಕ್ಕೆ ಕೆಮ್ಮಿದರು. ಗೋಡೆಗೆ ಬಡಿದಿದ್ದ ದಪ್ಪ ಸ್ಪಂಜು ಆ ಕೂಗನ್ನು ಹೀರಿ ಕುಡಿಯಿತು. ಎಂಜಿನ್ನಿನ ಅಬ್ಬರ ಹೊರಗೆ ಹೋಗಬಾರದೆಂದೇ ಕಟ್ಟಿದ ಕೋಣೆ ಅದು. ಅಬ್ಬರವನ್ನೇ ಬಿಡದ ಗೋಡೆ ಮನುಷ್ಯನ ಗೋಳನ್ನು ಬಿಟ್ಟೀತೇ?

ಮೇಷ್ಟ್ರು ಫೋನ್ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು. ಸ್ಪಂಜಿನ ಹಿಂದೆ ಕಬ್ಬಿಣದ ತಗಡಿತ್ತು. ಇಲ್ಲಿ ಸಿಗ್ನಲ್ ಸಿಗದೆಂದು ವರ್ಕ್‌ಶಾಪಿಗೇ ಗೊತ್ತಿತ್ತು.

"ಯಾರಾದ್ರೂ ಬರ್ತಾರೆ," ಎಂದರು.

"ಇವತ್ತು ಅರ್ಧ ದಿನ. ಒಂದೂವರೆಗೆ ಸೈರನ್ ಆಯ್ತು. ಗಂಟೆ ಈಗ ಎರಡೂ ಕಾಲು." ಮಸಿಯಮ್ಮ ಹಿಡಿಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡಳು. "ನಾಳೆ ಬೆಳಿಗ್ಗೆ ಬರ್ತಾರೆ."

ಅವಳಿಗೆ ನಾಳೆ ಬೆಳಗಿನವರೆಗೆ ಪುರುಸೊತ್ತಿರಲಿಲ್ಲ. ಮೂರು ದಿನದ ಹಿಂದೆ ಇದೇ ಕೋಣೆಯಲ್ಲಿ, ಇದೇ ಎಂಜಿನ್ನಿನ ಪಕ್ಕದಲ್ಲಿ, ಹಿರಿಯ ಮೆಕ್ಯಾನಿಕ್ ದೊಡ್ಡಪ್ಪ ವಿಷದ ಹೊಗೆ ಕುಡಿದು ಪ್ರಾಣ ಬಿಟ್ಟಿದ್ದರು. ಹೊಗೆ ಸೋರಿದ ಜಾಗದ ನಟ್ಟುಗಳ ಮೇಲೆ ನೀಲಿ ಗೀಟಿತ್ತು. ಈ ವರ್ಕ್‌ಶಾಪಿನಲ್ಲಿ ನೀಲಿ ಎಂದರೆ ದೊಡ್ಡಪ್ಪನ ಅಳಿಯ ಬಿಗಿದ ನಟ್ಟಿನ ಬಣ್ಣ. ಸಡಿಲ ಬಿಟ್ಟು ಮಾವನನ್ನು ಕೊಂದ ಎಂದು ಆತನನ್ನು ಹಿಡಿದು ಕೂರಿಸಿದ್ದರು. ನಾಲ್ಕು ಗಂಟೆಗೆ ಕೋರ್ಟಿಗೆ. ಅಷ್ಟರಲ್ಲಿ ಮಸಿಯಮ್ಮ ಬರೆದ ಒಂದು ಹಾಳೆ ವರದಿ ಠಾಣೆ ಸೇರದಿದ್ದರೆ ನೀಲಿ ಗೀಟೇ ಸಾಕ್ಷಿ, ನೀಲಿ ಗೀಟೇ ತೀರ್ಪು. ಅಳಿಯನ ಹೆಂಡತಿ, ಅಂದರೆ ದೊಡ್ಡಪ್ಪನ ಒಬ್ಬಳೇ ಮಗಳು, ಏಳು ತಿಂಗಳ ಬಸುರಿ.

ಸುಟ್ಟ ಎಂಜಿನ್ನಿನ ಮಸಿ ನೋಡಿ ಅದು ಕೆಟ್ಟ ಕಥೆ ಹೇಳುವುದು ಈ ಹೆಂಗಸಿನ ಕಸುಬು. ಮೂವತ್ತೈದು ವರ್ಷದಿಂದ ಅದನ್ನೇ ಮಾಡಿ ಮಾಡಿ, ಅಪ್ಪ ಅಮ್ಮ ಇಟ್ಟ ಹೆಸರು ಜನರ ಬಾಯಿಂದ ಉದುರಿಹೋಗಿ ಮಸಿಯಮ್ಮ ಉಳಿದಿತ್ತು. ಬೆರಳಿನ ಸಂದಿಯ ಕಪ್ಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕೊಟ್ಟವನು ಮೇಲಿದ್ದಾನೆ, ಕೇಳಿದಾಗ ತೋರಿಸೋಣ ಎಂದು ಆಕೆ ನಗುತ್ತಿದ್ದಳು.

ಈಗ ಮೇಷ್ಟ್ರು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಎದೆಗೆ ಒಂದು ದಪ್ಪ ಚರ್ಮದ ಫೈಲು ಅವುಚಿಕೊಂಡಿದ್ದರು, ಎಳೆಗೂಸನ್ನು ಹಿಡಿದ ಹಾಗೆ.

"ಇದು ನಿಮ್ಮದೇ ಕೆಲಸ ಅಲ್ವಾ? ದೀಪ ಹಿಡೀರಿ ಬನ್ನಿ ಅಂತ ಕರೆದವರು ನೀವು. ಒಳಗೆ ಕೂಡಿಹಾಕಿ ಬಾಯಿ ಬಿಡಿಸ್ಬೇಕು ಅಂತ."

"ನನ್ನನ್ನೂ ಸೇರಿಸಿ ಕೂಡಿಹಾಕ್ಕೊಂಡೆನಾ? ನಾನೂ ಹಂಗೇ ಅಂದ್ಕೊಂಡಿದ್ದೆ ಮೇಷ್ಟ್ರೇ, ನೀವೇ ಮಾಡಿದ್ದು ಅಂತ. ಆದ್ರೆ ನಿಮ್ಮ ಅಂಗಿ ನೋಡಿ. ಒದ್ದೆ ಆಗಿ ಬೆನ್ನಿಗೆ ಅಂಟಿದೆ. ಹೆದರಿಕೆ ಅಭಿನಯ ಮಾಡೋರಿಗೆ ಬೆವರು ಅಷ್ಟು ಬೇಗ ಬರಲ್ಲ."

"ಮತ್ತೆ ಯಾರು?"

"ಅದು ಹೊರಗಿರೋರ ಲೆಕ್ಕ. ಒಳಗಿರೋರ ಲೆಕ್ಕ ಮೊದಲು ಮುಗಿಸೋಣ. ಬನ್ನಿ, ದೀಪ ಹಿಡೀರಿ."

ಎಂಜಿನ್ನು ಕೋಣೆಯ ನಡುವೆ ಕಬ್ಬಿಣದ ಕಾಲುಗಳ ಮೇಲೆ ಕೂತಿತ್ತು. ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು, ಎಮ್ಮೆಯಷ್ಟು ದೊಡ್ಡದು. ಮಸಿಯಮ್ಮ ಬೆಳಿಗ್ಗೆಯೇ ಅದರ ಗಾಳಿಯ ಕೊಳವೆಯನ್ನು ಬಿಚ್ಚಿಟ್ಟಿದ್ದಳು. ಈಗ ಅಲ್ಲಿ ಮೂರು ಬಾಯಿಗಳು ತೆರೆದು ನಿಂತಿದ್ದವು. ತಾಜಾ ಗಾಳಿ ಬರುವ ಬಾಯಿ ಒಂದು, ಹೊಗೆ ಬರುವ ಸಣ್ಣ ಬಾಯಿ ಇನ್ನೊಂದು. ಎರಡನ್ನೂ ನುಂಗುವ ಎಂಜಿನ್ನಿನ ದೊಡ್ಡ ಬಾಯಿ ಮೂರನೆಯದು.

ಈ ಎಂಜಿನ್ನಿನ ಉಸಿರಾಟ ಸ್ವಲ್ಪ ವಿಚಿತ್ರ. ಡೀಸೆಲ್ ಸುಟ್ಟು ಹೊರಡುವ ಹೊಗೆಯ ರಭಸವೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಹೊರಗಿನ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತದೆ. ಟರ್ಬೊ ಅನ್ನುವುದು ಅದನ್ನೇ. ಅಷ್ಟು ಗಾಳಿ ಕುಡಿದ ಬೆಂಕಿ ಕೊಬ್ಬಿ ಉರಿಯುತ್ತದೆ, ಉರಿ ಹೆಚ್ಚಿದಷ್ಟೂ ಊರಿನ ಗಾಳಿಗೆ ಕೇಡು. ಬೆಂಕಿಯ ಸೊಕ್ಕು ಇಳಿಸಲೆಂದು, ಉಗುಳಿದ ಹೊಗೆಯಲ್ಲೇ ಒಂದು ಪಾಲನ್ನು ತಣ್ಣಗೆ ಮಾಡಿ ತಂದು ತಾಜಾ ಗಾಳಿಗೆ ಬೆರೆಸುತ್ತಾರೆ.

ಬೆರೆಸುವುದು ಹೇಳಿದಷ್ಟು ಸುಲಭವಲ್ಲ. ಜಗಳವಾಡಿದ ಅಣ್ಣತಮ್ಮಂದಿರು ಒಂದೇ ಸೂರಿನಡಿ ಎರಡು ಒಲೆ ಹೂಡಿದ ಹಾಗೆ, ಹೊಗೆಯೂ ಗಾಳಿಯೂ ಒಂದೇ ಕೊಳವೆಯಲ್ಲಿ ಮುಖ ತಿರುಗಿಸಿಕೊಂಡು ಪಕ್ಕಪಕ್ಕದಲ್ಲೇ ಹರಿದುಬಿಡುತ್ತವೆ. ಆಗ ಒಂದು ಸಿಲಿಂಡರಿಗೆ ಬರೀ ಗಾಳಿ, ಇನ್ನೊಂದಕ್ಕೆ ಬರೀ ಹೊಗೆ. ಇಬ್ಬರನ್ನೂ ಕೂಡಿಸಿ ಆರು ಜನಕ್ಕೂ ಸಮನಾಗಿ ಬಡಿಸಬೇಕಾದದ್ದು ಕೊಳವೆಯ ನಡುವೆ ಕೂರುವ ತೂತುತೂತಿನ ಕಬ್ಬಿಣದ ಉಂಗುರ. ವರ್ಕ್‌ಶಾಪಿನವರು ಅದನ್ನು ಬಳೆ ಎನ್ನುತ್ತಿದ್ದರು. ಅದರ ನಕ್ಷೆ ಬರೆದವರೇ ಈ ಮೇಷ್ಟ್ರು. ಬಳೆಯೂ ಅದನ್ನು ಬಿಗಿದಿದ್ದ ನಾಲ್ಕು ನಟ್ಟುಗಳಲ್ಲಿ ಮೂರೂ ಈಗ ಬೆಂಚಿನ ಮೇಲಿದ್ದವು.

"ಈ ಬಳೆ ಎಂಜಿನ್ನಲ್ಲಿ ಎಷ್ಟು ದಿನದಿಂದ ಇದೆ?"

"ಮೊದಲಿನಿಂದಲೂ. ಎರಡು ತಿಂಗಳು."

"ದೇವರ ಸಾಕ್ಷಿಯಾಗಿ?"

ಮೇಷ್ಟ್ರು ಫೈಲನ್ನು ಇನ್ನಷ್ಟು ಅವುಚಿಕೊಂಡರು. "ಅದೆಲ್ಲ ಯಾಕೆ. ಇದೆ ಅಂದ್ರೆ ಇದೆ."

ಮಸಿಯಮ್ಮ ದೊಡ್ಡ ಬಾಯಿಯೊಳಗೆ ದೀಪ ಹಿಡಿಸಿ, ಆರು ಸಿಲಿಂಡರುಗಳ ದಾರಿಯನ್ನು ಒಂದೊಂದಾಗಿ ತೋರಿಸಿದಳು. "ಮೇಲಿನ ಮಸಿ ನೋಡಿ. ಒಂದನೇದು ಬಿಳುಪು. ಆರನೇದು ಕಾಡಿಗೆ. ಅಂದ್ರೆ ಹೊಗೆ ಎಲ್ಲಾ ಕೊನೇ ಮನೆಗೇ ಹೋಗಿದೆ. ನಿಮ್ಮ ಬಳೆ ಬೆರೆಸೇ ಇಲ್ಲ."

"ಅದು... ಇನ್ನೂ ಸ್ವಲ್ಪ ತಿದ್ದಬೇಕಿತ್ತು."

"ತಾಳಿ." ಅವಳು ತೋರುಬೆರಳಿನ ಉಗುರಿನಿಂದ ಆರನೆಯ ದಾರಿಯ ಮಸಿಯನ್ನು ಮೆಲ್ಲಗೆ ಕೆರೆದಳು. ಮೇಲಿನ ಕಪ್ಪು ಪುಡಿಯಾಗಿ ಉದುರಿತು. ಅದರ ಕೆಳಗೆ ಇನ್ನೊಂದು ಪದರವಿತ್ತು: ಬೂದಿಬಣ್ಣದ್ದು, ಗಟ್ಟಿಯಾದದ್ದು, ಬಹಳ ದಿನ ಕೂತು ಮಾಗಿದ್ದು. ಒಂದನೆಯ ದಾರಿಯನ್ನೂ ಕೆರೆದಳು. ಅದೇ ಬೂದಿ, ಅದೇ ದಪ್ಪ. "ಆರಕ್ಕೆ ಆರೂ ಹಿಂಗೇ ಇದೆ. ತಾಯಿ ಆರು ಮಕ್ಕಳಿಗೆ ಬಡಿಸಿದ ಹಂಗೆ, ಒಂದು ತುತ್ತು ಹೆಚ್ಚಿಲ್ಲ, ಕಮ್ಮಿ ಇಲ್ಲ. ಎರಡು ತಿಂಗಳು ಬೆರೆಸಿದ ಬಳೆ ಒಂದು. ಕೊನೇ ದಿನ ಒಂದು ಗಳಿಗೆ ಓಡಿದ ಬಳೆ ಇನ್ನೊಂದು. ಈ ಬೆಂಚಿನ ಮೇಲಿರೋದು ಎರಡನೇದು. ಮೊದಲನೇದು ಯಾರದು ಮೇಷ್ಟ್ರೇ?"

ಮೇಷ್ಟ್ರು ದೀಪವನ್ನು ಕೊಳವೆಯಿಂದ ಹೊರಕ್ಕೆ ತೆಗೆದರು.

"ಇರಲಿ, ಬಿಡಿ. ಇನ್ನೊಂದು ಸಣ್ಣ ಕೆಲಸ ಮಾಡಿ." ಅವಳು ಚೀಲದಿಂದ ಸೀಮೆಸುಣ್ಣದ ಚೂರು ತೆಗೆದು ಕೊಟ್ಟಳು. "ಬೆಂಚಿನ ಮೇಲೊಂದು ಗೀಟು ಎಳೀರಿ. ಗೇಣುದ್ದ ಸಾಕು."

"ಇದೇನು ಮಕ್ಕಳಾಟ?"

"ಎಳೀರಿ. ಹೊತ್ತು ಹೋಗಬೇಕಲ್ಲ."

ಬೇಡವೆಂದರೆ ಅನುಮಾನ, ಹೂಂ ಎಂದರೆ ಏನೋ ಎಂಬ ಹೆದರಿಕೆ. ಮೇಷ್ಟ್ರು ಬಗ್ಗಿದರು. ಕಿರುಬೆರಳನ್ನು ಬೆಂಚಿಗೆ ಊರಿಕೊಂಡು, ಉಸಿರು ಹಿಡಿದು, ಒಂದು ಗೀಟು ಎಳೆದರು. ಮೂವತ್ತು ವರ್ಷ ಗೀಟನ್ನೇ ಎಳೆದ ಕೈ. ಆರಂಭ ಎಷ್ಟು ದಪ್ಪವೋ ಕೊನೆಯೂ ಅಷ್ಟೇ ದಪ್ಪ, ನೂಲು ಹಿಡಿದು ಎಳೆದ ಹಾಗಿತ್ತು.

ಮಸಿಯಮ್ಮ ಮೂರು ನಟ್ಟುಗಳನ್ನು ಆ ಗೀಟಿನ ಪಕ್ಕಕ್ಕೆ ಸಾಲಾಗಿ ಇಟ್ಟಳು. ಒಂದೊಂದರ ಮೇಲೂ ನೀಲಿ ಗೀಟಿತ್ತು. ಆರಂಭ ಎಷ್ಟು ದಪ್ಪವೋ ಕೊನೆಯೂ ಅಷ್ಟೇ.

"ನಿಮ್ಮ ವರ್ಕ್‌ಶಾಪಿನ ಎಲ್ಲರ ಗೀಟೂ ನೋಡಿ ಬಂದೆ," ಎಂದಳು, ಕಥೆ ಹೇಳುವವಳ ಹಾಗೆ. "ಎಣ್ಣೆ ಕೈಯವರು ಬ್ರಷ್ಷನ್ನ ಸರ್ರಂತ ಬಾರಿಸಿಬಿಡ್ತಾರೆ. ತಲೆ ದಪ್ಪ, ಬಾಲ ಸಣ್ಣ. ಅಳಿಯಂದು ಹುಳ ಹರಿದ ಹಂಗಿರುತ್ತೆ. ಇಷ್ಟು ಚೆಂದದ ಗೀಟು ಯಾರೂ ಎಳೆಯಲ್ಲ, ಒಬ್ಬರನ್ನ ಬಿಟ್ಟು."

ಮೇಷ್ಟ್ರು ಗೋಡೆಯ ಗಡಿಯಾರದ ಕಡೆ ನೋಡಿದರು. ಎರಡು ನಲವತ್ತು.

ಇಲ್ಲಿನ ಪದ್ಧತಿ ಹೀಗಿತ್ತು. ನಟ್ಟು ಬಿಗಿದವನು ತಾನೇ ಗೀಟು ಎಳೆಯುವಂತಿಲ್ಲ. ಅವನು "ಆಯ್ತು" ಎನ್ನಬೇಕು. ಜೊತೆಯವನು ತನ್ನ ಸ್ಪ್ಯಾನರ್ ಹಾಕಿ ಅಲುಗಿಸಿ ನೋಡಿ, ಆಮೇಲೆ ಬಿಗಿದವನ ಬಣ್ಣದಲ್ಲಿ ನಟ್ಟಿನಿಂದ ಕೊಳವೆಗೆ ಒಂದು ಗೀಟು ಎಳೆಯಬೇಕು. ನಟ್ಟು ಜರುಗಿದರೆ ಗೀಟು ಮುರಿದು ಕಾಣುತ್ತದೆ. ಗೀಟು ನೆಟ್ಟಗಿದ್ದರೆ ಎಲ್ಲ ನೆಟ್ಟಗಿದೆ ಎಂದರ್ಥ; ಆ ಗೀಟನ್ನು ನಂಬಿ ಜನ ಎಂಜಿನ್ನಿನ ಪಕ್ಕದಲ್ಲಿ ನಿಲ್ಲುತ್ತಿದ್ದರು. ದೊಡ್ಡಪ್ಪನೂ ಅದನ್ನೇ ನಂಬಿ ನಿಂತರು.

"ನಾಲ್ಕನೇ ನಟ್ಟಿನ ಗೀಟೂ ನೆಟ್ಟಗಿತ್ತು," ಎಂದಳು ಮಸಿಯಮ್ಮ. "ಆದ್ರೆ ಆ ನಟ್ಟಿಗೆ ಸ್ಪ್ಯಾನರ್ ತಾಗಿದ ಗುರುತೇ ಇರಲಿಲ್ಲ. ಬರೀ ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದು. ಬಿಗಿಯೋಕೆ ಮುಂಚೆನೇ ಯಾರೋ ಗೀಟು ಎಳೆದುಬಿಟ್ಟಿದ್ರು."

ಮೇಷ್ಟ್ರು ನೆಲದ ಮೇಲೆ ಕೂತರು. ಅಳು ಬರಲಿಲ್ಲ ಅವರಿಗೆ. ಬಂದಿದ್ದರೆ ಚೆನ್ನಾಗಿತ್ತೇನೋ.

"ನನ್ನ ಬಳೆ ಬೆರೆಸ್ತಾನೇ ಇರಲಿಲ್ಲ ಅಮ್ಮಾ. ಎಂಟು ಸಲ ತಿದ್ದಿದೆ. ದೊಡ್ಡಪ್ಪ ಒಂದಿನ ಸುಮ್ನೆ ಹಳೇ ಪೈಪಿನ ತುಂಡು ಕೊರೆದು ತಂದ್ರು. ತೂತುಗಳನ್ನ ಓರೆಯಾಗಿ ಕೊರೆದಿದ್ರು, ಅಷ್ಟೇ. ಹೊಗೆ ಸುತ್ತಿ ಸುತ್ತಿ ಒಳಗೆ ಹೋಗೋ ಹಂಗೆ. ಹಾಕಿದ ದಿನವೇ ಆರೂ ಸಮ ಆಯ್ತು. ನನ್ನ ಹೆಸರಲ್ಲಿ ಎರಡು ತಿಂಗಳು ಅವರ ಬಳೆ ಓಡ್ತು. ಅವರು ಒಂದು ಮಾತು ಆಡಲಿಲ್ಲ."

"ಮತ್ತೆ ಆ ದಿನ?"

"ಮೇಲಿನವರು ನೋಡೋಕೆ ಬರೋರಿದ್ರು. ನಕ್ಷೆ ಒಂದು, ಒಳಗಿರೋದು ಒಂದು ಆದ್ರೆ ನನ್ನ ಕೆಲಸ ಹೋಗುತ್ತೆ ಅಂತ ಕಾಲು ಹಿಡಿದೆ. ಬಂದೋರು ನೋಡ್ಕೊಂಡು ಹೋಗೋವರೆಗೆ ನನ್ನ ಬಳೆ ಹಾಕೋಣ ಅಂದೆ. ಅವರು ನಕ್ಕರು. 'ಏಳಯ್ಯಾ, ಬಳೆ ಯಾರದಾದ್ರೇನು, ಉಸಿರು ಎಂಜಿನ್ದು' ಅಂದ್ರು. ಅವರೇ ಬಿಚ್ಚಿದ್ರು, ಅವರೇ ಹಾಕಿದ್ರು. ಮೂರು ನಟ್ಟು ಬಿಗಿದು ಮೂರು ಸಲ ಆಯ್ತು ಅಂದ್ರು. ನಾನು ಗೀಟು ಎಳೆದೆ. ನಾಲ್ಕನೇದನ್ನ ಬೆರಳಲ್ಲಿ ಸಿಕ್ಕಿಸಿದ್ರು. ಅಷ್ಟರಲ್ಲಿ ಯಾರೋ ಕರೆದ್ರು, ಎದ್ದು ಹೋದ್ರು. ನಾನು... ಕೈಯಲ್ಲಿ ಬ್ರಷ್ಷಿತ್ತು ಅಮ್ಮಾ. ಮೂರು ಎಳೆದ ಕೈ ನಾಲ್ಕನೇದನ್ನೂ ಎಳೆದುಬಿಡ್ತು."

"ಆಯ್ತು ಅನ್ನೋ ಮಾತು ಕೇಳೋಕೆ ಮುಂಚೆ."

"ಹೂಂ. ಅವರು ವಾಪಸ್ ಬಂದು ನೋಡಿದ್ರು. ಗೀಟಿತ್ತು. ಮುಗಿಸಿದೀನಿ ಅಂದ್ಕೊಂಡ್ರು. ಎಂಜಿನ್ ಹಾಕಿಸಿ ಪಕ್ಕದಲ್ಲೇ ನಿಂತ್ರು. ನಾನು ಬಂದೋರನ್ನ ಕರೆತರೋಕೆ ಅಂತ ಆಚೆ ಹೋಗಿದ್ದೆ."

"ನೀಲಿ ಯಾಕೆ?"

"ಅವರ ಹಸಿರು ಬಾಟ್ಲಿ ಒಣಗಿತ್ತು. ಪಕ್ಕದಲ್ಲಿ ನೀಲಿ ಇತ್ತು. ಬಣ್ಣ ಅಂದ್ರೆ ಬಣ್ಣ ಅಂದ್ಕೊಂಡೆ. ನಾನು ಮೇಜಿನ ಮನುಷ್ಯ, ಈ ಲೆಕ್ಕ ನನಗೆಲ್ಲಿ ಗೊತ್ತು? ಅಳಿಯನ್ನ ಹಿಡ್ಕೊಂಡು ಹೋದಾಗ ಗೊತ್ತಾಯ್ತು."

"ಗೊತ್ತಾದ ಮೇಲೂ ಮೂರು ದಿನ."

"ಮೂರು ದಿನ," ಎಂದರು ಮೇಷ್ಟ್ರು. "ಊಟ ಮಾಡಿದೆ, ಮಲಗಿದೆ, ಅಂಗಿ ಇಸ್ತ್ರಿ ಮಾಡಿಸಿದೆ. ಬಾಯಿ ಮಾತ್ರ ತೆರೀಲಿಲ್ಲ."

ಮಸಿಯಮ್ಮ ಅವರನ್ನು ಬೈಯಲಿಲ್ಲ. ಮನುಷ್ಯ ತನ್ನನ್ನು ತಾನು ಕೂಡಿಹಾಕಿಕೊಳ್ಳುವ ಕೋಣೆಗೆ ಒಳಗೂ ಹಿಡಿಯಿಲ್ಲ, ಹೊರಗೂ ಹಿಡಿಯಿಲ್ಲ ಎಂಬುದನ್ನು ಆಕೆ ಬಹಳ ಕಡೆ ಕಂಡಿದ್ದಳು. ಒಡೆಯಾ, ಇವನ ಬಾಯನ್ನು ಇಲ್ಲಿ ತೆರೆಸಿದೆ, ಇನ್ನು ಆ ಬಾಗಿಲೊಂದನ್ನು ತೆರೆಸು ಎಂದು ಮನಸ್ಸಿನಲ್ಲೇ ಕೈ ಮುಗಿದಳು. ಅಳಿಯ ನಿರ್ದೋಷಿ. ಆ ಮಾತು ಈಗ ಈ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಮತ್ತು ಆ ಇಬ್ಬರೂ ಒಳಗೆ.

"ಇದನ್ನೇ ಠಾಣೆಯಲ್ಲಿ ಹೇಳ್ತೀರಾ?"

"ಹೇಳ್ತೀನಿ. ಹೊರಗೆ ಹೋದ್ರೆ ತಾನೇ."

"ಹೋಗ್ತೀವಿ. ಒಂದು ಮಾತು ಬಿಟ್ಟುಬಿಟ್ರಿ. ದೊಡ್ಡಪ್ಪನ್ನ ಕರೆದದ್ದು ಯಾರು?"

"ಮುಖ ನೋಡಲಿಲ್ಲ. ಬಾಗಿಲು ತೆರೆದಿತ್ತು, ಹೊರಗಿಂದ ಕೂಗಿದ್ರು. 'ದೊಡ್ಡಪ್ಪಾ, ನಿಮ್ಮ ಮಗಳು ಬಂದಿದಾರೆ, ಗೇಟಿನ ಹತ್ರ ನಿಂತಿದಾರೆ' ಅಂತ."

ಮಸಿಯಮ್ಮನ ಬೆರಳು ಬೆಂಚಿನ ಮೇಲೆ ನಿಂತಲ್ಲೇ ನಿಂತಿತು. "ಎಷ್ಟು ಹೊತ್ತಿಗೆ?"

"ಒಂಬತ್ತೂವರೆ."

"ಸರಿಯಾಗಿ ನೆನಪಿದೆಯಾ?"

"ಹತ್ತಕ್ಕೆ ಮೇಲಿನವರು ಬರೋರಿದ್ರಲ್ಲ. ಗಡಿಯಾರ ನೋಡ್ತಾನೇ ಇದ್ದೆ. ಇನ್ನೊಂದು ಅಮ್ಮಾ. ಹೋಗುವಾಗ ದೊಡ್ಡಪ್ಪನ ಕೈಯಲ್ಲಿ ಅವರ ಬಳೆ ಇತ್ತು. ಬಂದಾಗ ಕೈ ಖಾಲಿ. 'ಸೇರಬೇಕಾದೋರಿಗೆ ಸೇರ್ತು' ಅಂದ್ರು. ಮುಖದಲ್ಲಿ ನಗುವಿತ್ತು."

ಒಂಬತ್ತೂವರೆ. ದೊಡ್ಡಪ್ಪನ ಮಗಳು ಮಸಿಯಮ್ಮನ ಎರಡೂ ಕೈ ಹಿಡಿದುಕೊಂಡು ಹೇಳಿದ್ದ ಮಾತು ಬೇರೆ. "ಚಿಕ್ಕಮ್ಮಾ, ಅವತ್ತು ಎಂಟರಿಂದ ಹನ್ನೆರಡರವರೆಗೆ ನಾನೂ ಇವರೂ ಆಸ್ಪತ್ರೆಯಲ್ಲೇ ಇದ್ವಿ. ಒಂದು ಗಳಿಗೇನೂ ಆಚೆ ಬರಲಿಲ್ಲ." ಅಳಿಯನ ಬಿಡುಗಡೆಯ ಅರ್ಜಿ ನಿಂತಿದ್ದೇ ಆ ಮಾತಿನ ಮೇಲೆ. ಆ ಹುಡುಗಿ ಒಂಬತ್ತೂವರೆಗೆ ಗೇಟಿನಲ್ಲಿ ನಿಂತಿದ್ದರೆ ಆ ಮಾತು ಮುರಿದು ಬೀಳುತ್ತದೆ, ನಟ್ಟು ಜರುಗಿದ ಗೀಟಿನ ಹಾಗೆ.

ಇನ್ನೂ ಒಂದು ವಿಷಯ ಮಸಿಯಮ್ಮನಿಗೆ ನೆನಪಾಯಿತು. ಸ್ಪ್ಯಾನರ್ ತಾಗದ ಆ ನಾಲ್ಕನೆಯ ನಟ್ಟು ಅವಳ ಬಳಿ ಇರಲಿಲ್ಲ. ಇವತ್ತು ಹನ್ನೆರಡು ಗಂಟೆಗೆ ಮಗಳು ಗಂಡನ ಊಟದ ಡಬ್ಬಿ ಹಿಡಿದು ಠಾಣೆಗೆ ಹೊರಟಿದ್ದಳು. "ಕೊಡಿ ಚಿಕ್ಕಮ್ಮಾ, ಅದನ್ನೂ ತಲುಪಿಸ್ತೀನಿ" ಎಂದಿದ್ದಳು. ಇಂಥ ವಸ್ತುವನ್ನು ಮನೆಯವರ ಕೈಗೆ ಕೊಡಬಾರದೆಂದು ಮೂವತ್ತೈದು ವರ್ಷದಿಂದ ಬಲ್ಲ ಮಸಿಯಮ್ಮ, ಆ ತುಂಬಿದ ಹೊಟ್ಟೆಯನ್ನೂ ಅತ್ತು ಊದಿದ ಕಣ್ಣನ್ನೂ ನೋಡಿ, ಲಕೋಟೆಗೆ ಹಾಕಿ ಕೊಟ್ಟುಬಿಟ್ಟಿದ್ದಳು.

ಆಗ ಗೋಡೆಯೊಳಗೆ ಏನೋ ಗುಂಯ್ ಎಂದಿತು.

ದುಂಬಿ ಹಾರಿದಂತಹ ಸಣ್ಣ ಸದ್ದು. ಮೇಷ್ಟ್ರು ತಟ್ಟನೆ ಎದ್ದು ನಿಂತರು.

"ಡೀಸೆಲ್ ಪಂಪು!"

"ಇಲ್ಲಿಂದ ನಿಲ್ಲಿಸೋಕಾಗಲ್ವಾ?"

"ಕೆಂಪು ಬಟನ್ನು ಪೊಲೀಸರು ಬಿಚ್ಕೊಂಡು ಹೋದ್ರಲ್ಲ! ಡೀಸೆಲ್ ನಿಲ್ಲಿಸೋ ನಲ್ಲಿ, ಫ್ಯಾನು, ಎಲ್ಲಾ ಆಚೆ ಇದೆ. ಪಂಪು ಅರ್ಧ ನಿಮಿಷ ಓಡುತ್ತೆ. ಆಮೇಲೆ ಸ್ಟಾರ್ಟರ್."

ಇಬ್ಬರೂ ಒಟ್ಟಿಗೆ ಆ ಮೂರು ಬಾಯಿಗಳ ಕಡೆ ನೋಡಿದರು. ಹೊಗೆಯ ಬಾಯಿ ಕೋಣೆಗೇ ತೆರೆದುಕೊಂಡಿತ್ತು. ತೆರೆದವಳು ಮಸಿಯಮ್ಮನೇ. ದೊಡ್ಡಪ್ಪನಿಗೆ ಒಂದು ನಟ್ಟಿನ ಸಂದಿಯಿಂದ ಬಂದ ಸಾವು ಇವರಿಗೆ ಬಾಗಿಲು ತೆರೆದುಕೊಂಡು ಬರುವುದಿತ್ತು.

ಮೇಷ್ಟ್ರು ಸ್ಪ್ಯಾನರ್ ಎತ್ತಿಕೊಂಡು, ಎಂಜಿನ್ನನ್ನು ಆಚೆಯಿಂದಲೇ ನಡೆಸುವ ಕಂಟ್ರೋಲ್ ಕೋಣೆಯ ಕಡೆಯ ಗಾಜಿಗೆ ಓಡಿದರು. ಆಚೆ ಕತ್ತಲು, ಗಾಜಿನಲ್ಲಿ ಕಂಡದ್ದು ಅವರದೇ ಮುಖ. ಹೊಡೆದರು. ಬೆರಳ ದಪ್ಪದ ಗಾಜಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಮೂಡಿತು, ಅಷ್ಟೇ.

"ಯಾರ್ರೀ ಅದು! ಒಳಗೆ ಜನ ಇದೀವಿ!"

"ಅವರಿಗೆ ಗೊತ್ತು ಮೇಷ್ಟ್ರೇ. ಗೊತ್ತಿದ್ದೇ ಹಿಡಿ ಬಿಚ್ಚಿದ್ದು. ಬನ್ನಿ ಇಲ್ಲಿ!"

"ಬಳೆ ಹಾಕೋಣ, ಬಳೆ!"

"ಅರ್ಧ ನಿಮಿಷದಲ್ಲಿ ಮೂರು ನಟ್ಟು? ಆಗಲ್ಲ." ಮಸಿಯಮ್ಮ ಸೆರಗನ್ನು ಸೊಂಟಕ್ಕೆ ಬಿಗಿದಳು. "ಡೀಸೆಲ್ ಎಂಜಿನ್ನಿಗೆ ಗಾಳಿ ಕೊಡದಿದ್ರೆ ಉಸಿರುಗಟ್ಟಿ ಸಾಯುತ್ತೆ. ದೊಡ್ಡ ಬಾಯಿ ಮುಚ್ಚಬೇಕು. ಆ ಫೈಲು ಕೊಡಿ."

"ಇದು ಅಸಲು ನಕ್ಷೆ! ಸಹಿ ಆಗಿರೋದು ಇದೊಂದೇ..."

"ನಿಮ್ಮ ಉಸಿರಿಗಿಂತ ಅಸಲಾ?"

ಸ್ಟಾರ್ಟರ್ ಕಿರುಚಿತು. ಎಂಜಿನ್ನು ಒಮ್ಮೆ ನಡುಗಿ, ಎರಡು ಸಲ ಕೆಮ್ಮಿ, ಹಿಡಿದುಕೊಂಡಿತು. ಕೋಣೆಯ ಎದೆ ಬಿರಿಯುವಂಥ ಅಬ್ಬರ. ಹೊಗೆಯ ಬಾಯಿಯಿಂದ ಬೂದಿಬಣ್ಣದ ಗಾಳಿ ಹೊರಟು ನೇರವಾಗಿ ಮಸಿಯಮ್ಮನ ಮುಖಕ್ಕೆ ಹೊಡೆಯಿತು. ಕಣ್ಣು ಉರಿದವು. ಬಾಯಿಗೆ ಕಬ್ಬಿಣದ ರುಚಿ ಬಂತು.

ಫೈಲನ್ನು ಅವಳು ಕಿತ್ತುಕೊಳ್ಳಬೇಕಾಗಲಿಲ್ಲ. ಮೇಷ್ಟ್ರೇ ಮುಂದೆ ಬಂದು, ಎರಡೂ ಕೈಯಿಂದ ಅದನ್ನು ದೊಡ್ಡ ಬಾಯಿಗೆ ಅಪ್ಪಳಿಸಿದರು. ಎಂಜಿನ್ನು ಅದನ್ನು ಫಟ್ಟನೆ ಹೀರಿ ಹಿಡಿಯಿತು. ಚರ್ಮದ ರಟ್ಟು ನಡುವೆ ಗುಳಿಬಿದ್ದು ಸೆಟೆಯಿತು. ಅಬ್ಬರ ಗೊಗ್ಗರವಾಯಿತು, ಗೊಗ್ಗರ ಏದುಸಿರಾಯಿತು. ಕಬ್ಬಿಣದ ಕಾಲುಗಳು ಒಮ್ಮೆ ಒದೆದುಕೊಂಡವು.

ಎಂಜಿನ್ನು ಸತ್ತಿತು.

ಎಂಟು ಸಲ ತಿದ್ದಿದರೂ ಆ ನಕ್ಷೆ ಮಾಡಲಾರದೆ ಹೋದ ಕೆಲಸವಿತ್ತಲ್ಲ, ಜೀವ ಉಳಿಸುವ ಕೆಲಸ, ಅದನ್ನು ಅದರ ರಟ್ಟು ಮಾಡಿತ್ತು.

ಇಬ್ಬರೂ ನೆಲಕ್ಕೆ ಕೂತರು. ಹೊಗೆ ತಲೆಯ ಮೇಲೆ ತೆಳ್ಳಗೆ ಹಾಸಿಕೊಂಡಿತ್ತು. ಅದು ಹೋಗಲು ದಾರಿಯಿರಲಿಲ್ಲ. ಇವರಿಗೂ ಇರಲಿಲ್ಲ. ಮೇಷ್ಟ್ರು ಕೆಮ್ಮುತ್ತಲೇ ಫೈಲು ಬಿಡಿಸಿ ನೋಡಿದರು. ರಟ್ಟು ನಡುವೆ ಉದ್ದಕ್ಕೆ ಸೀಳಿತ್ತು. ನಕ್ಷೆ ಹರಿದು ಅರ್ಧ ಒಳಗೆ ಹೋಗಿತ್ತು.

"ಇನ್ನೊಂದ್ಸಲ ತಡೆಯಲ್ಲ ಇದು."

"ಒಂದ್ಸಲ ತಡೀತಲ್ಲ. ಮುಖ ಕೆಳಗಿಟ್ಕೊಂಡು ಉಸಿರಾಡಿ. ಮಾತು ಕಮ್ಮಿ ಮಾಡಿ."

"ಅಮ್ಮಾ," ಎಂದರು ಮೇಷ್ಟ್ರು ಪಿಸುಗುಟ್ಟುತ್ತ, "ಲೈಟು."

ಗಾಜಿನ ಆಚೆ ಕಂಟ್ರೋಲ್ ಕೋಣೆಯಲ್ಲಿ ಮೇಜಿನ ಸಣ್ಣ ದೀಪವೊಂದು ಹತ್ತಿಕೊಂಡಿತ್ತು. ಅದರ ಬೆಳಕು ಗಾಜಿನ ಕೆಳಗಿನ ಕಟ್ಟೆಯ ಮೇಲಷ್ಟೇ ಬಿದ್ದಿತ್ತು. ಅಲ್ಲಿ ನಿಂತವರ ಮುಖ ಮೇಲೆ ಕತ್ತಲಿನಲ್ಲೇ ಉಳಿದಿತ್ತು.

ಒಂದು ಕೈ ಬೆಳಕಿಗೆ ಬಂತು. ಅವಸರವಿಲ್ಲದ ಕೈ, ಎಂಜಿನ್ನು ಒರೆಸುವ ಬಟ್ಟೆಯಲ್ಲಿ ಮಣಿಕಟ್ಟಿನವರೆಗೆ ಸುತ್ತಿಕೊಂಡ ಕೈ. ಹೆಣ್ಣಿನದೋ ಗಂಡಿನದೋ ಹೇಳುವಂತಿರಲಿಲ್ಲ. ಅದು ಕಟ್ಟೆಯ ಮೇಲೆ ಒಂದು ನಟ್ಟು ಇಟ್ಟಿತು, ಹೊಸ ಎಣ್ಣೆಯಿಂದ ಮಿನುಗುವ ನಟ್ಟು. ಅದು ಬಾಗಿಲಿನ ಹಿಡಿಯದು.

ಪಕ್ಕದಲ್ಲಿ ಇನ್ನೊಂದನ್ನು ಇಟ್ಟಿತು. ಒಳಗಿದ್ದವರಿಗೆ ಕಾಣಲೆಂದು ಅದನ್ನು ಒಂದು ಬೆರಳಿನಿಂದ ಮೆಲ್ಲಗೆ ತಿರುಗಿಸಿ ನಿಲ್ಲಿಸಿತು.

ಅದರ ಮೇಲೊಂದು ನೀಲಿ ಗೀಟಿತ್ತು. ಆರಂಭ ಎಷ್ಟು ದಪ್ಪವೋ ಕೊನೆಯೂ ಅಷ್ಟೇ ದಪ್ಪ.

ಆ ನಟ್ಟನ್ನು ಮಸಿಯಮ್ಮ ಕೊಟ್ಟದ್ದು ಈ ಲೋಕದಲ್ಲಿ ಒಬ್ಬಳ ಕೈಗೆ. ಒಂದೋ ಆ ಕೈ ಇದು. ಇಲ್ಲವೇ ಆ ಬಸುರಿ ಹುಡುಗಿ ಠಾಣೆ ತಲುಪೇ ಇಲ್ಲ.

ಬಟ್ಟೆ ಸುತ್ತಿದ ಕೈ ಬೆಳಕಿನಿಂದ ಹಿಂದೆ ಸರಿಯಿತು. ಮತ್ತೆ ಗೋಡೆಯೊಳಗೆ ಪಂಪು ಗುಂಯ್ ಎಂದಿತು.